ಕೋಲಾರದಲ್ಲಿ ಕುಡಿತದ ಲೆಕ್ಕ ಕೇಳುವಾಗ

ಕೋಲಾರ ಜಿಲ್ಲೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಮನೆಮಾತು. ಹಾಗಾಗಿ ಯಾವ ಸಮುದಾಯ ಎಷ್ಟು ಕುಡಿಯುತ್ತದೆ ಅನ್ನೋ ಅಂಕಿಯಲ್ಲಿ, ಕೇಳಿದ ರೀತಿಯ ತಪ್ಪೂ ಸೇರಿರುತ್ತದೆ.

"ಕುಡಿತೀರಾ?" ಅಂದರೆ "ಇಲ್ಲ" ಅನ್ನೋ ಉತ್ತರ ಸಲೀಸು. "ಕೊನೇ ಸಲ ಯಾವಾಗ? ಟೆಟ್ರಾ ಪ್ಯಾಕಾ, ಕ್ವಾರ್ಟರಾ?" ಅಂತ ಕೇಳಿ. 90 ಮಿಲೀ ಪ್ಯಾಕೆಟ್ಟಿನ ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್, ಅಂದರೆ 10 ಗ್ರಾಂಗೆ ಒಂದರಂತೆ 3 ಯೂನಿಟ್. 180ರ ಕ್ವಾರ್ಟರಿಗೆ 6. "ದಿನಾ ಒಂದೇ" ಅನ್ನುವವರ ಒಂದು ಎಷ್ಟು ದೊಡ್ಡದು ನೋಡಿ! ತಂಬಾಕಿನ ಲೆಕ್ಕಕ್ಕೂ ಅಷ್ಟೇ: ಹೆಂಗಸರನ್ನು ಹೊಗೆಸೊಪ್ಪು, ಕಡ್ಡಿಪುಡಿ ಅಂತ ಹೆಸರು ಹಿಡಿದೇ ಕೇಳಬೇಕು. "ತಂಬಾಕು" ಅಂದರೆ ಬೀಡಿ ಸಿಗರೇಟು ಅಂದುಕೊಂಡು "ಇಲ್ಲ" ಅಂತ ತಲೆ ಆಡಿಸಿಬಿಡುತ್ತಾರೆ.

ಜೀನಿನ ಪಾತ್ರವೂ ಉಂಟು. ಚೀನಾ, ಜಪಾನ್, ಕೊರಿಯಾದ ಹಲವರಿಗೆ ಆಲ್ಕೋಹಾಲ್ ಅರಗಿಸುವ ಒಂದು ಕಿಣ್ವದ (ಎನ್‌ಜೈಮ್) ಕೊರತೆಯಿಂದ ಸ್ವಲ್ಪ ಕುಡಿದರೂ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅದೇ ಅವರಿಗೆ ಒಂದಿಷ್ಟು ಕಡಿವಾಣ. ನಮ್ಮ ಕಡೆ ಆ ಬಗೆ ಅಪರೂಪ. ಇಲ್ಲಿ ಜಾತಿಗಿಂತ ಕೂಲಿ, ಸಾಲ, ಅಂಗಡಿಯ ದೂರ ನೋಡೋದು ಮೇಲು.

ಧರ್ಮದಲ್ಲಿ ನಿಷೇಧವಿರುವ ಮನೆಗಳಲ್ಲಿ ಕುಡಿಯುವವರು ಕಡಿಮೆ, ಆದರೆ ಕುಡಿಯುವವರು ಮುಚ್ಚಿಡುತ್ತಾರೆ. ಹಬ್ಬ, ಹರಕೆ, ಮಾಲೆ ಅಂತ ಒಮ್ಮೆಗೇ ಬಿಟ್ಟವರ ಮೇಲೂ ಕಣ್ಣಿರಲಿ: ದಿನವೂ ಹೆಚ್ಚು ಕುಡಿಯುವವರಿಗೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ಎರಡು ದಿನದೊಳಗೆ ಫಿಟ್ಸ್ ಬರಬಹುದು, 2–4ನೇ ದಿನ ಇಲ್ಲದ್ದು ಕಾಣುವ ಗಲಿಬಿಲಿ. ಇದನ್ನು "ಗಾಳಿ ಸೋಕಿದೆ" ಅಂತ ಮಂತ್ರಿಸಲು ಕರೆದೊಯ್ದರೆ ಜೀವಕ್ಕೇ ಅಪಾಯ. ನೇರ ಆಸ್ಪತ್ರೆಗೆ ಹೋಗಿ, ಕೊನೆಯ ಗುಟುಕಿನ ಹೊತ್ತು ಹೇಳಿ. ಗ್ಲೂಕೋಸ್ ಬಾಟಲಿಗೆ ಮೊದಲೋ ಜೊತೆಗೋ ಥಯಾಮಿನ್ (ವಿಟಮಿನ್ ಬಿ1) ಹೋಗಬೇಕು.

ಖಿನ್ನತೆಯೂ ಹೀಗೇ ವೇಷ ಮರೆಸಿ ಬರುತ್ತದೆ: "ಬೇಜಾರು" ಅನ್ನೋದಿಲ್ಲ, "ನಿಶ್ಶಕ್ತಿ, ಎದೆ ಉರಿ, ನಿದ್ದೆ ಇಲ್ಲ" ಅನ್ನುತ್ತಾರೆ. ಫೋನಲ್ಲೇ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.