ಎರಡು ಸಾವಿರಕ್ಕೆ ಒಳ್ಳೆ ಇಯರ್‌ಫೋನ್ ಯಾವುದು?

"ಎರಡು ಸಾವಿರದೊಳಗೆ ಸೌಂಡ್ ಚೆನ್ನಾಗಿರೋ ಇಯರ್‌ಫೋನ್ ಒಂದು ಹೇಳಿ." ಹಬ್ಬದ ಸೇಲ್ ಶುರುವಾಯಿತೆಂದರೆ ಸಾಕು, ಪರಿಚಯದವರೆಲ್ಲ ಕೇಳುವ ಪ್ರಶ್ನೆ ಇದು. ಹೆಸರಷ್ಟೇ ಬೇಕಿದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ. ವೈರ್ ಇದ್ದರೂ ನಡೆಯುತ್ತದೆ ಅನ್ನುವವರು 7ಹರ್ಟ್ಜ್ ಸಾಲ್ನೋಟ್ಸ್ ಝೀರೋ 2 ಅಥವಾ ಮೂನ್‌ಡ್ರಾಪ್ ಚು 2 ತೆಗೆದುಕೊಳ್ಳಿ. ಎರಡರಲ್ಲೂ ಪ್ರತಿ ಕಿವಿಗೆ 10 ಮಿ.ಮೀ.ನ ಒಂದೊಂದು ಡೈನಾಮಿಕ್ ಡ್ರೈವರ್, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್, ಇದೆ. ಕೇಬಲ್ ಬಿಚ್ಚಿ ಬದಲಾಯಿಸಬಹುದು, ಪಿನ್ ಅಳತೆಯೂ ಒಂದೇ, 0.78 ಮಿ.ಮೀ. ಬೇಸ್ ಸ್ವಲ್ಪ ಜಾಸ್ತಿ ಇರಲಿ ಅನ್ನುವವರಿಗೆ ನನ್ನ ಓಟು ಝೀರೋ 2ಕ್ಕೆ. ಕಿವಿಯೊಳಗೆ ಏನನ್ನೂ ತುರುಕಿಕೊಳ್ಳಲಾರೆ ಅನ್ನುವವರಿಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಕಾಸ್ ಕೆಎಸ್‌ಸಿ75 ಇದೆ. ಮನೆಯಲ್ಲಿ ಕೂತು ಕೇಳಲು ಬಹಳ ಚೆನ್ನ. ಆದರೆ ಅದು ಹೊರಗಿನ ಸದ್ದನ್ನು ತಡೆಯುವುದಿಲ್ಲ, ನಿಮ್ಮ ಹಾಡು ಪಕ್ಕದವರಿಗೂ ಕೇಳುತ್ತದೆ, ಹಾಗಾಗಿ ಬಸ್ಸಿಗೆ ಆಗದು.

ಇವನ್ನೇ ಕೊಂಡು "ಬೇಸೇ ಇಲ್ಲ", "ವಾಲ್ಯೂಮ್ ಸಾಲದು" ಎಂದು ವಾಪಸ್ ಮಾಡುವವರೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಈ ಬೆಲೆಯಲ್ಲಿ ಇಯರ್‌ಫೋನ್ ಕೆಟ್ಟದ್ದಾಗಿರುವುದು ಅಪರೂಪ. ಹೆಚ್ಚಾಗಿ ಕೈಕೊಡುವುದು ಅದರ ಎರಡು ತುದಿಗಳು: ಕಿವಿಗೆ ಕೂರುವ ಟಿಪ್, ಫೋನಿಗೆ ಚುಚ್ಚುವ ಜ್ಯಾಕ್.

ಜಾಸ್ತಿ ದುಡ್ಡು ಕೊಟ್ಟರೆ ಸೌಂಡ್ ತಾನಾಗಿಯೇ ಉತ್ತಮವಾಗುತ್ತದೆಯೇ? ಯೆರೂನ್ ಬ್ರೆಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಲೇಖನ ಹೇಳುವುದು, ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಬೆಲೆಗೂ ಸಂಬಂಧ ಕಾಣುವುದಿಲ್ಲ ಎಂದು. ಅಂದರೆ ಬೇಸ್, ಗಾಯನದ ಧ್ವನಿ, ತಾಳದ ಕಿಣಿಕಿಣಿ ಯಾವುದು ಎಷ್ಟು ಕೇಳಬೇಕು ಎಂಬ ಹದ ದುಬಾರಿಯದರಲ್ಲೇ ಇರುತ್ತದೆ ಎಂದೇನಿಲ್ಲ. ಹೆಚ್ಚಿನ ದುಡ್ಡಿಗೆ ಗಟ್ಟಿ ಕವಚ, ಒಳ್ಳೆ ಕೇಬಲ್, ನಾಯ್ಸ್ ಕ್ಯಾನ್ಸಲಿಂಗ್, ಸರ್ವಿಸ್ ಸಿಗಬಹುದು. ಅವು ಬೇಕಿದ್ದರೆ ಕೊಡಿ.

ಡಬ್ಬಿಯ ಮೇಲಿನ ಅಂಕಿಗಳನ್ನು ನಂಬಿ ಆರಿಸಬೇಡಿ. 14 ಮಿ.ಮೀ. ಡ್ರೈವರ್ 10 ಮಿ.ಮೀ.ಗಿಂತ ಚೆನ್ನಾಗಿರಬೇಕೆಂದಿಲ್ಲ. "20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್" ಎಂದಷ್ಟೇ ಬರೆದು, ಆ ವ್ಯಾಪ್ತಿಯೊಳಗೆ ಎಷ್ಟು ಡೆಸಿಬೆಲ್ ಏರಿಳಿತ ಎಂದು ಬರೆಯದಿದ್ದರೆ ಆ ಸಾಲಿಗೆ ಅರ್ಥವಿಲ್ಲ. ಚಿನ್ನದ ಬಣ್ಣದ ಹೈ-ರೆಸ್ ಸ್ಟಿಕರ್ ಇರುವುದು 40 ಕಿಲೋಹರ್ಟ್ಜ್‌ವರೆಗೆ ಸದ್ದು ಹೊರಡುತ್ತದೆ ಎಂಬುದಕ್ಕೆ. ಎಳೆಯ ಕಿವಿಗೂ 20ರ ಆಚೆ ಕೇಳುವುದಿಲ್ಲ.

ಈಗ ಟಿಪ್ ವಿಷಯ. ಕಿವಿಯ ನಾಳಕ್ಕೂ ರಬ್ಬರಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಬೇಸ್ ಸೋರಿ ಹೋಗುತ್ತದೆ, ಏಕೆಂದರೆ ಅಷ್ಟು ಚಿಕ್ಕ ಡ್ರೈವರ್ ತಗ್ಗಿನ ಸ್ವರ ಕೇಳಿಸುವುದು ಮುಚ್ಚಿದ ಪುಟ್ಟ ಜಾಗದ ಗಾಳಿಯನ್ನು ಒತ್ತಿ. ಪರೀಕ್ಷೆ ಸುಲಭ. ಮೃದಂಗದ ಎಡಗಡೆಯ ತೊಪ್ಪಿ ಚೆನ್ನಾಗಿ ಕೇಳುವ ಕಚೇರಿಯ ರೆಕಾರ್ಡಿಂಗ್ ಹಾಕಿ, ಅಥವಾ 40 ಹರ್ಟ್ಜ್ ಟೋನ್ ಹಾಕಿ. ಬೆರಳಿನಿಂದ ಇಯರ್‌ಫೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದ ಕೂಡಲೇ ಗುಂ ಎಂಬ ನಾದ ಹೆಚ್ಚಿದರೆ ನಿಮ್ಮ ಟಿಪ್ ಸೋರುತ್ತಿದೆ, ಒಂದು ಸೈಜ್ ದೊಡ್ಡದು ಹಾಕಿ. ಸರಿಯಾಗಿ ಕೂತಿದ್ದರೆ ಮಾತಾಡುವಾಗ ನಿಮ್ಮ ದನಿಯೇ ನಿಮಗೆ ತಲೆಯೊಳಗಿಂದ ಬಂದಂತೆ ಕೇಳುತ್ತದೆ. ಎಡ ಬಲ ಕಿವಿಗೆ ಬೇರೆ ಬೇರೆ ಸೈಜ್ ಬೇಕಾಗುವುದು ಮಾಮೂಲು, ಒಂದಕ್ಕೆ ಮೀಡಿಯಂ, ಇನ್ನೊಂದಕ್ಕೆ ಲಾರ್ಜ್ ಹಾಕಿಕೊಳ್ಳಿ.

ಹಾಕುವ ಕ್ರಮವೂ ಇದೆ. ಕೇಬಲ್ ಕಿವಿಯ ಮೇಲಿನಿಂದ ಹಿಂದಕ್ಕೆ ಹೋಗಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದರೆ ನಾಳ ನೇರವಾಗುತ್ತದೆ. ಆಗ ಸ್ವಲ್ಪ ತಿರುಗಿಸುತ್ತ ಒಳಕ್ಕೆ ಕೂರಿಸಿ. ಆ ಹೊತ್ತಿಗೆ ಚರ್ ಎಂದು ಕಾಗದ ಮಡಿಸಿದಂಥ ಸದ್ದು ಬಂದರೆ ಹೆದರಬೇಡಿ. ಒತ್ತಿದ ಗಾಳಿಗೆ ಡ್ರೈವರಿನ ಪೊರೆ ಬಾಗುವ ಸದ್ದು ಅದು, ನಿಧಾನಕ್ಕೆ ಕೂರಿಸಿದರೆ ಕಡಿಮೆಯಾಗುತ್ತದೆ. ಕೇಬಲ್ ಬಟ್ಟೆಗೆ ತಾಗಿದಾಗಲೆಲ್ಲ ಟಕಟಕ ಕೇಳುತ್ತಿದ್ದರೆ ಗದ್ದದ ಕೆಳಗಿನ ಸ್ಲೈಡರನ್ನು ಮೇಲಕ್ಕೆ ಸರಿಸಿ.

"ಸ", "ಶ" ಚುಚ್ಚಿದಂತೆ ಕೇಳುತ್ತದೆ ಎಂಬ ದೂರಿಗೂ ಮೊದಲ ಔಷಧ ಟಿಪ್ಪೇ. ಬಾಯಿ ಅಗಲವಿರುವ ಟಿಪ್‌ನಲ್ಲಿ ಸಾಮಾನ್ಯವಾಗಿ ಮೇಲಿನ ಸ್ವರಗಳು ಹೆಚ್ಚು ಎದ್ದು ಕೇಳುತ್ತವೆ, ಕಿರಿದಾದದ್ದರಲ್ಲಿ ಮೆತ್ತಗಾಗುತ್ತವೆ. ಫೋಮ್ ಟಿಪ್ ಇನ್ನೂ ಮೆತ್ತಗೆ. ಅದನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಕಿವಿಗಿಟ್ಟು, ಅರಳುವವರೆಗೆ ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಆದರೆ ಫೋಮ್ ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಹಾಳಾಗುತ್ತದೆ, ಮಂಗಳೂರು, ಉಡುಪಿಯ ಬೆವರಿಗೆ ಇನ್ನೂ ಬೇಗ. ದಿನವೂ ಬಳಸುವವರಿಗೆ ಸಿಲಿಕಾನ್ ಸಾಕು, ಬೇರೆ ಬೇರೆ ಅಳತೆಯ ಸಾದಾ ಸೆಟ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ಇಯರ್‌ಫೋನಿನ ಟಿಪ್ ಸಿಕ್ಕಿಸುವ ಮೂತಿ ಎಷ್ಟು ಮಿ.ಮೀ. ಎಂದು ನೋಡಿಕೊಳ್ಳಿ. ಸಡಿಲವಾದ ಟಿಪ್ ಇಯರ್‌ಫೋನ್ ತೆಗೆಯುವಾಗ ಕಿವಿಯೊಳಗೇ ಉಳಿದೀತು. ಉಳಿದರೆ ಪಿನ್ನಿನಿಂದ ಕೆದಕದೆ ಕಿವಿ ಡಾಕ್ಟರ ಬಳಿ ಹೋಗಿ.

ಇನ್ನು ಆ ಕಡೆಯ ತುದಿ. ಫೋನಿನಲ್ಲಿ 3.5 ಮಿ.ಮೀ. ಜ್ಯಾಕ್ ಇದ್ದರೆ ನೀವು ಪುಣ್ಯವಂತರು, ಈ ಪ್ಯಾರಾದ ಉಳಿದ ಭಾಗ ಬಿಡಿ. ಇಲ್ಲದಿದ್ದರೆ ಯುಎಸ್‌ಬಿ-ಸಿ ಡಾಂಗಲ್ (ಚಾರ್ಜಿಂಗ್ ತೂತಿಗೆ ಸಿಕ್ಕಿಸಿ ಜ್ಯಾಕ್ ಒದಗಿಸುವ ಪುಟ್ಟ ಕನ್ವರ್ಟರ್) ಬೇಕು, ಹೆಚ್ಚು ಜನ ಎಡವುವುದು ಇಲ್ಲೇ. ಡಾಂಗಲ್‌ಗಳಲ್ಲಿ ಎರಡು ಜಾತಿ. ಒಂದರ ಹೊಟ್ಟೆಯಲ್ಲಿ ಡಿಜಿಟಲ್ಲನ್ನು ಅನಲಾಗ್ ಮಾಡುವ ಡಿಎಸಿ ಚಿಪ್ ಇರುತ್ತದೆ. ಇನ್ನೊಂದು ಬರೀ ವೈರ್, ಫೋನೇ ಅನಲಾಗ್ ಸದ್ದನ್ನು ಆ ಪೋರ್ಟಿಗೆ ಕಳಿಸಿದರೆ ಮಾತ್ರ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುವ ಕನ್ವರ್ಟರ್ ಹೆಚ್ಚಾಗಿ ಎರಡನೇ ಜಾತಿಯದು. ಒಬ್ಬರ ಫೋನಿಗೆ ಆಗಿದ್ದು ಇನ್ನೊಬ್ಬರದಕ್ಕೆ ಆಗದಿರುವುದು ಇದಕ್ಕೇ. ವಿವರದಲ್ಲಿ ಡಿಎಸಿ ಎಂದು ಬರೆದಿದ್ದರಷ್ಟೇ ಕೊಳ್ಳಿ. ಆಪಲ್ ಡಾಂಗಲ್ ಅಳತೆಗಳಲ್ಲಿ ನಿಜಕ್ಕೂ ಶುದ್ಧ, ಸುಮಾರು 1 ವೋಲ್ಟ್ ಕೊಡುತ್ತದೆ. ಯೂರೋಪಿನ ಮಾರುಕಟ್ಟೆಯದು ಮಾತ್ರ ಅದರ ಅರ್ಧ, ಅಲ್ಲಿರುವ ನೆಂಟರಿಂದ ತರಿಸುವವರು ಗಮನಿಸಿ. ಅದಕ್ಕಿಂತ ದೊಡ್ಡ ತೊಡಕೆಂದರೆ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಾಂಗಲ್‌ನೊಳಗಿನ ವಾಲ್ಯೂಮ್ ತಗ್ಗಿನಲ್ಲೇ ನಿಂತುಬಿಡುತ್ತದೆ. ಫೋನಿನ ವಾಲ್ಯೂಮ್ ತುದಿಗೆ ಹೋದರೂ ಸದ್ದು ಮೆಲ್ಲಗೆ. ಐಫೋನ್ 15 ಮತ್ತು ಅದರ ನಂತರದವು, ಲ್ಯಾಪ್‌ಟಾಪ್‌ಗಳಿಗೆ ಆಪಲ್ ಡಾಂಗಲ್ ಕೊಳ್ಳಿ, ಆಂಡ್ರಾಯ್ಡ್‌ಗೆ ಸ್ಯಾಮ್‌ಸಂಗ್‌ನ ಡಿಎಸಿ ಇರುವ ಡಾಂಗಲ್‌ನಂಥದ್ದು ಸುರಕ್ಷಿತ.

"ಸದ್ದು ಹೆಚ್ಚಿಸಲು ಬೇರೆ ಆಂಪ್ (ಆಂಪ್ಲಿಫೈಯರ್) ಬೇಕಾ?" ಎನ್ನುವವರು ಲೆಕ್ಕ ಹಾಕಿ ನೋಡಿ. 32 ಓಮ್ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ), 1 ಮಿಲಿವ್ಯಾಟ್‌ಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನ್ ಇದೆಯೆಂದುಕೊಳ್ಳಿ. 1 ವೋಲ್ಟಿನ ವರ್ಗವನ್ನು 32ರಿಂದ ಭಾಗಿಸಿದರೆ 31 ಮಿಲಿವ್ಯಾಟ್. ಪವರ್ ಹತ್ತು ಪಟ್ಟಾದರೆ 10 ಡೆಸಿಬೆಲ್, ಇಮ್ಮಡಿಯಾದರೆ 3 ಡೆಸಿಬೆಲ್ ಏರುತ್ತದೆ. 31 ಪಟ್ಟಿಗೆ ಸುಮಾರು 15. ಒಟ್ಟು 115 ಡೆಸಿಬೆಲ್, ಕಿವಿ ಕೆಡಿಸಲು ಧಾರಾಳ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಎನ್ನುವುದು ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದೇ 250 ಓಮ್‌ನ, 96 ಡೆಸಿಬೆಲ್‌ನ ಸ್ಟುಡಿಯೋ ಹೆಡ್‌ಫೋನಿಗೆ 1 ವೋಲ್ಟಿನಲ್ಲಿ ಸಿಗುವುದು 4 ಮಿಲಿವ್ಯಾಟ್, 102 ಡೆಸಿಬೆಲ್. ಮೆಲ್ಲಗೆ ರೆಕಾರ್ಡ್ ಆದ ಸಂಗೀತಕ್ಕೆ ಅದು ಕೊರತೆಯೆನಿಸಬಹುದು, ಆಂಪ್ ಮಾತು ಬರುವುದು ಅಲ್ಲಿಂದ. ಡಬ್ಬಿಯಲ್ಲಿ ಡೆಸಿಬೆಲ್ ಅಂಕಿ ಮಿಲಿವ್ಯಾಟ್‌ಗೋ ವೋಲ್ಟಿಗೋ ಎಂದು ನೋಡಿ ಹೋಲಿಸಿ. 32 ಓಮ್‌ನಲ್ಲಿ ಎರಡಕ್ಕೂ ಅದೇ 15ರ ವ್ಯತ್ಯಾಸ.

ಗಾಯಕರ ದನಿಯೇ ಮಾಯ, ಬರೀ ವಾದ್ಯ ದೂರದಿಂದ ಕೇಳುತ್ತಿದೆ ಎಂದರೆ ಇಯರ್‌ಫೋನ್ ಕೆಟ್ಟಿಲ್ಲ, ಗ್ರೌಂಡ್, ಅಂದರೆ ಎಡ ಬಲ ಎರಡಕ್ಕೂ ಸೇರಿದ ಮರಳುವ ವೈರ್, ಸಿಗುತ್ತಿಲ್ಲ. ಗ್ರೌಂಡ್ ತಪ್ಪಿದಾಗ ಎಡ ಬಲಗಳ ವ್ಯತ್ಯಾಸವಷ್ಟೇ ಉಳಿಯುತ್ತದೆ, ಎರಡೂ ಕಡೆ ಸಮವಾಗಿರುವ ದನಿ ಅಳಿಸಿಹೋಗುತ್ತದೆ. ಮೊದಲು ಜ್ಯಾಕ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಫೋನಿನ ತೂತಿನಲ್ಲಿ ಜೇಬಿನ ನೂಲು, ಧೂಳು ಕಚ್ಚಿಕೊಂಡಿದ್ದರೆ ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ. ಮೈಕ್ ಬಟನ್ ಒತ್ತಿ ಹಿಡಿದಾಗ ದನಿ ಮರಳಿದರೆ ಮೈಕ್ ಮತ್ತು ಗ್ರೌಂಡಿನ ಜಾಗ ಅದಲುಬದಲಾಗಿದೆ ಎಂದರ್ಥ. ಹಳೆಯ ಕೆಲವು ಹೆಡ್‌ಸೆಟ್‌ಗಳು ಓಎಂಟಿಪಿ ಎಂಬ ಜೋಡಣೆಯ ಕ್ರಮದವು, ಇಂದಿನ ಫೋನ್‌ಗಳು ಸಿಟಿಐಎ.

ಡೆಸ್ಕ್‌ಟಾಪ್‌ನಲ್ಲಿ ಹಸಿರು, ಪಿಂಕ್ ಎಂದು ಎರಡು ತೂತಿದ್ದರೆ, ಮೈಕ್ ಇರುವ ಇಯರ್‌ಫೋನಿಗೆ ಸದ್ದು, ಮೈಕ್ ಎರಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಬೇಕು. ಒಂದು ಜ್ಯಾಕಿನಿಂದ ಇಬ್ಬರು ಹಾಡು ಕೇಳುವ ಸ್ಪ್ಲಿಟರ್ ನೋಡಲು ಹಾಗೆಯೇ ಇರುತ್ತದೆ, ಅದನ್ನು ತಂದು ಮೈಕ್ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ನಿಮಗೆ ಬೇಕಾದದ್ದರಲ್ಲಿ ಒಂದೇ ತೂತು, ಎರಡು ಪಿನ್, ಪಿನ್ನುಗಳ ಮೇಲೆ ಎರಡೆರಡು ಕಪ್ಪು ಗೆರೆ. ಮೈಕ್ ಇರುವ ಇಯರ್‌ಫೋನಿನ ಪಿನ್ ಮೇಲೆ ಮೂರು ಗೆರೆ ಇರುತ್ತದೆ.

ಬ್ಲೂಟೂತ್ ಬಗ್ಗೆ ಚಿಕ್ಕದಾಗಿ. ಎರಡು ಸಾವಿರದ ಟಿಡಬ್ಲ್ಯುಎಸ್‌ನಲ್ಲಿ (ವೈರೇ ಇಲ್ಲದ ಜೋಡಿ ಇಯರ್‌ಬಡ್) ಆ ದುಡ್ಡು ಬ್ಯಾಟರಿ, ಚಿಪ್, ಮೈಕ್, ಕೇಸ್ ಎಲ್ಲಕ್ಕೂ ಹಂಚಿಹೋಗುತ್ತದೆ, ಪುಟ್ಟ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೊರಗಿದರೆ ಬದಲಾಯಿಸಲಾಗದು. ಓಡಾಟಕ್ಕೆ, ಜಿಮ್ಮಿಗೆ ಸರಿ. ಐಫೋನಿನವರು ಎಲ್‌ಡಿಎಸಿ ಎಂಬ ಕೋಡೆಕ್‌ಗೆ (ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಹೆಚ್ಚು ದುಡ್ಡು ಕೊಡಬೇಡಿ, ಐಫೋನ್ ಬ್ಲೂಟೂತ್‌ನಲ್ಲಿ ಹಾಡು ಕಳಿಸುವುದು ಎಸ್‌ಬಿಸಿ, ಎಎಸಿಗಳಲ್ಲಿ ಮಾತ್ರ. ಲ್ಯಾಪ್‌ಟಾಪಿನ ಮೀಟಿಂಗ್ ಶುರುವಾದ ಕೂಡಲೇ ಸದ್ದು ಹಳೇ ಟೆಲಿಫೋನಿನಂತಾಗುತ್ತದೆಯೇ? ಇಯರ್‌ಬಡ್‌ನ ಮೈಕ್ ಚಾಲೂ ಆದಾಗ ಬ್ಲೂಟೂತ್ ಹಾಡಿನ ಮೋಡ್ ಬಿಟ್ಟು ಕರೆಯ ಮೋಡಿಗೆ ಇಳಿಯುತ್ತದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಜಾಗದಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕನ್ನೇ ಆರಿಸಿ.

ಟಿಪ್, ಡಾಂಗಲ್ ಸರಿಯಿದ್ದೂ ಹದ ಹಿಡಿಸದಿದ್ದರೆ ಹೊಸದು ಕೊಳ್ಳುವ ಬದಲು ಬೇಸ್, ಮೇಲಿನ ಸ್ವರಗಳನ್ನು ಬೇಕಾದಷ್ಟು ಏರಿಸಿ ಇಳಿಸುವ ಈಕ್ವಲೈಜರ್ ಬಳಸಿ. ಆಂಡ್ರಾಯ್ಡ್‌ನ ವೇವ್‌ಲೆಟ್ ಆ್ಯಪಿನಲ್ಲಿ ನಿಮ್ಮ ಮಾಡೆಲ್ ಹುಡುಕಿ ಆಟೋಈಕ್ಯು (ಆ ಮಾಡೆಲ್‌ಗೆಂದೇ ಸಿದ್ಧವಿರುವ ಹೊಂದಾಣಿಕೆ) ಆರಿಸಿದರೆ ಮುಗಿಯಿತು. ವಿಂಡೋಸ್‌ಗೆ ಈಕ್ವಲೈಜರ್ ಎಪಿಓ ಉಚಿತ. ಯಾವುದೇ ಸ್ವರವನ್ನು 5 ಡೆಸಿಬೆಲ್ ಏರಿಸಿದರೆ ಈಕ್ವಲೈಜರಿನಲ್ಲೇ ಇರುವ ಒಟ್ಟು ಸದ್ದಿನ ಮಟ್ಟವಾದ ಪ್ರೀಆಂಪನ್ನು ಮೈನಸ್ 5ಕ್ಕೆ ಇಳಿಸಿ, ಇಲ್ಲದಿದ್ದರೆ ಜೋರು ಜಾಗಗಳಲ್ಲಿ ಒಡೆದ ಸದ್ದು ಬರುತ್ತದೆ. ಹದ ನೋಡಲು 1960ರ ದಶಕದ ಚಿತ್ರಗೀತೆ ಬೇಡ. ಆ ಕಾಲದ ರೆಕಾರ್ಡಿಂಗ್‌ನಲ್ಲಿ ಆಳದ ಬೇಸ್ ಹುಡುಕಿದರೆ ಸಿಗದು. ಚೆಂಡೆ, ಭಾಗವತರ ದನಿ ಎರಡೂ ಇರುವ ಯಕ್ಷಗಾನದ ಶುದ್ಧ ರೆಕಾರ್ಡಿಂಗ್ ಒಳ್ಳೆ ಪರೀಕ್ಷೆ: ಚೆಂಡೆಯ ಪೆಟ್ಟು ಮೊನಚಾಗಿ ಕೇಳಬೇಕು, ಆದರೆ ಅದರಡಿಯಲ್ಲಿ ಪದ್ಯದ ಅಕ್ಷರ ಮುಳುಗಬಾರದು.

ಬಳಸುತ್ತ ಬಂದಂತೆ ಒಂದು ಕಡೆ ಸದ್ದು ಇಳಿದರೆ ಡ್ರೈವರ್ ಸತ್ತಿತೆಂದು ಎಸೆಯಬೇಡಿ. ಮೂತಿಯ ಜಾಲರಿಗೆ ಗುಗ್ಗೆಯೋ ಬೆವರಿನ ಹನಿಯೋ ಕಟ್ಟಿರುತ್ತದೆ. ಟಿಪ್ ತೆಗೆದು, ಮೂತಿ ಕೆಳಗೆ ಮಾಡಿ ಹಿಡಿದು ಒಣ ಬ್ರಷ್‌ನಿಂದ ಸವರಿ. ಹೋಗದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿದ ಹತ್ತಿಕಡ್ಡಿಯಿಂದ ಒತ್ತಿ ತೆಗೆಯಿರಿ, ಮೂತಿ ಕೆಳಗೇ ಇರಲಿ. ಸೂಜಿ ಚುಚ್ಚಿದರೆ ಜಾಲರಿ ಹರಿಯುತ್ತದೆ, ಬಾಯಿಂದ ಊದಿದರೆ ಪೊರೆ ಬಾಗುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ. ತಲೆಯ ಮೇಲೆ ಹಾಕುವ ಹೆಡ್‌ಫೋನ್‌ಗಳ ಕೃತಕ ಚರ್ಮದ ಪ್ಯಾಡ್ ಇದೇ ತೇವಕ್ಕೆ ಸಿಪ್ಪೆ ಏಳುತ್ತದೆ. ಬದಲಿ ಪ್ಯಾಡ್ ಕೊಳ್ಳುವಾಗ ದಪ್ಪ, ಒಳಗಿನ ತೂತಿನ ಅಳತೆ ಎರಡೂ ಮೊದಲಿನಂತೆಯೇ ಇರಲಿ, ಬೇರೆಯಾದರೆ ಸೌಂಡೇ ಬೇರೆಯಾಗುತ್ತದೆ.

ಕೇಬಲ್ ಹೋದರೆ ಹೊಸ 0.78ರ ಕೇಬಲ್ ಹಾಕಿ. ಬೆಳ್ಳಿ ಲೇಪದ ದುಬಾರಿ ಕೇಬಲ್‌ಗೆ ಸೌಂಡ್ ಏರುವುದಿಲ್ಲ. ಬಿಚ್ಚಲಾಗದ ಕೇಬಲ್ ಆದರೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಿಗುವ 3.5 ಮಿ.ಮೀ. ಪಿನ್ ತಂದು ಬೆಸುಗೆ ಹಾಕಬಹುದು. ಒಳಗಿನ ಬಣ್ಣದ ಎಳೆಗಳ ಮೇಲೆ ಎನಾಮಲ್ ಲೇಪ ಇರುವುದರಿಂದ ಸಾಲ್ಡರ್ ಸುಲಭಕ್ಕೆ ಹಿಡಿಯುವುದಿಲ್ಲ. ಕಾದ ಐರನ್ ತುದಿಯಲ್ಲಿ ಸಾಲ್ಡರಿನ ಹನಿ ಮಾಡಿ, ಎಳೆಯ ತುದಿಯನ್ನು ಅದರಲ್ಲಿ ಕೆಲವು ಸೆಕೆಂಡ್ ಅದ್ದಿಟ್ಟರೆ ಲೇಪ ಸುಟ್ಟು ಹೊಳೆಯುವ ತವರ ಹಿಡಿಯುತ್ತದೆ. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡಿಗೆ. ಬೆಸೆಯುವ ಮುಂಚೆ ಮಲ್ಟಿಮೀಟರಿನಲ್ಲಿ ಗ್ರೌಂಡಿಗೂ ಒಂದೊಂದು ಎಳೆಗೂ ನಡುವಿನ ಓಮ್ ನೋಡಿ. ಡಬ್ಬಿಯ ಮೇಲಿನ ಇಂಪೀಡೆನ್ಸ್‌ಗೆ ಹತ್ತಿರದ ಅಂಕಿ ಬಂದರೆ ಡ್ರೈವರ್ ಸರಿಯಿದೆ, ಮುಂದುವರಿಯಬಹುದು. ಮೀಟರ್ ಏನೂ ತೋರಿಸದಿದ್ದರೆ ವೈರ್ ಇಯರ್‌ಫೋನಿನ ಬುಡದಲ್ಲೇ ತುಂಡಾಗಿರಬಹುದು, ಅಂಟು ಹಾಕಿದ ಕವಚ ಬಿಡಿಸುವ ಶ್ರಮ ಐನೂರು ರೂಪಾಯಿಯ ಇಯರ್‌ಫೋನಿಗೆ ದಂಡ.