ಮಳೆಗಾಲದಲ್ಲಿ ಪುದೀನ

ನೀರ್ಚಾಲು, ಕಾಸರಗೋಡು
14 ಜುಲೈ 2024, ಆದಿತ್ಯವಾರ

ಆಟಿ ತಿಂಗಳು ಹತ್ತಿರ ಬಂತು, ಮಳೆ ಜೋರಾಗಿದೆ. ಪುದೀನದ ಕುಂಡಗಳನ್ನೆಲ್ಲ ಬೆಳಗ್ಗೆಯೇ ಜಗಲಿಗೆ ಎತ್ತಿಟ್ಟೆ. ಪುದೀನಕ್ಕೆ ನೀರು ಬೇಕು, ನಿಜ. ಆದರೆ ಅದು ಮೂಲದಲ್ಲಿ ಯುರೋಪು, ಏಷ್ಯಾದ ತಂಪು ಸೀಮೆಯ ಗಿಡ. ಅಲ್ಲಿನ ತೇವ ಬೇರೆ, ನಮ್ಮ ಜಡಿಮಳೆ ಬೇರೆ. ಬುಡದಲ್ಲಿ ನೀರು ನಿಂತರೆ ದಂಟು ಕಪ್ಪಾಗಿ ಕೊಳೆತೇ ಹೋಗುತ್ತದೆ.

ಮಧ್ಯಾಹ್ನ ಪಕ್ಕದ ಮನೆಯ ಅಕ್ಕ ಆನ್‌ಲೈನಿನಲ್ಲಿ ತರಿಸಿದ ಬೀಜದ ಪ್ಯಾಕೆಟ್ ತಂದು ತೋರಿಸಿದರು. ಮೇಲೆ ಪೆಪ್ಪರ್‌ಮಿಂಟ್ ಅಂತ ಇತ್ತು. ನನಗೆ ಬೇಸರವಾಯಿತು. ಪೆಪ್ಪರ್‌ಮಿಂಟ್ ಅಂದರೆ ನೀರು ಪುದೀನ ಮತ್ತು ನಾವು ದಿನಾ ಬಳಸುವ ಸ್ಪಿಯರ್‌ಮಿಂಟ್ ಕೂಡಿ ಹುಟ್ಟಿದ ಮಿಶ್ರತಳಿ. ಹೂ ಬಿಟ್ಟರೂ ಮೊಳೆಯುವ ಬೀಜ ಕಟ್ಟುವುದಿಲ್ಲ. 17ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಗುರುತಿಸಿದ ಈ ಗಿಡ ಲೋಕವೆಲ್ಲ ಹಬ್ಬಿದ್ದು ಬಳ್ಳಿ, ಕಡ್ಡಿಯಿಂದಲೇ. ಪ್ಯಾಕೆಟ್ಟಿನಲ್ಲಿ ಇರುವುದು ಬೇರೆ ಯಾವುದೋ ಪುದೀನದ ಬೀಜ ಅಷ್ಟೆ.

ಅಕ್ಕನಿಗೆ ನನ್ನ ಕುಂಡದ ಸ್ಪಿಯರ್‌ಮಿಂಟ್, ಪೆಪ್ಪರ್‌ಮಿಂಟ್ ಎರಡರ ಕಡ್ಡಿಯನ್ನೂ ಕೈಗೆ ಕೊಟ್ಟೆ. ಎರಡರ ದಂಟೂ ಚೌಕ, ಬೆರಳಲ್ಲಿ ಉರುಳಿಸಿದರೆ ಅಂಚು ಸಿಗುತ್ತದೆ. ತುಳಸಿ, ಸಾಂಬ್ರಾಣಿ ಸೊಪ್ಪು ಎಲ್ಲ ಇದೇ ಕುಟುಂಬ. ಸ್ಪಿಯರ್‌ಮಿಂಟಿನ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ದಂಟಿಗೇ ಅಂಟಿಕೊಂಡಂತೆ. ಪೆಪ್ಪರ್‌ಮಿಂಟಿಗೆ ಸ್ಪಷ್ಟ ತೊಟ್ಟು ಇದೆ, ದಂಟು ನೇರಳೆಗೆ ತಿರುಗಿರುತ್ತದೆ. ಹಿಸುಕಿ ಮೂಸಿದರೆ ಇನ್ನೂ ಸುಲಭ. ಪೆಪ್ಪರ್‌ಮಿಂಟಿನಲ್ಲಿ ಮೆಂಥಾಲ್ ಜಾಸ್ತಿ, ಮೂಗು ತಣ್ಣಗಾಗುತ್ತದೆ. ಸ್ಪಿಯರ್‌ಮಿಂಟಿನ ಸಿಹಿ ಪರಿಮಳ ಅದರ ಎಣ್ಣೆಯಲ್ಲಿರುವ ಕಾರ್ವೋನ್ ಎಂಬ ರಾಸಾಯನಿಕದ್ದು. ಸಬ್ಬಸಿಗೆ ಬೀಜದಲ್ಲಿರುವುದೂ ಕಾರ್ವೋನೇ! ಎಡಗೈ ಬಲಗೈ ಇದ್ದ ಹಾಗೆ, ಅಣುವಿನ ಆಕಾರ ಮಾತ್ರ ತಿರುಗುಮುರುಗು. ಅಷ್ಟಕ್ಕೇ ವಾಸನೆ ಪೂರ್ತಿ ಬೇರೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಆಶ್ಚರ್ಯ.

ಬಾಮ್, ಟೂತ್‌ಪೇಸ್ಟಿಗೆ ಹೋಗುವ ಮೆಂಥಾಲ್ ಹೆಚ್ಚಾಗಿ ಮೂರನೆಯದರಿಂದ, ಜಪಾನಿ ಪುದೀನದಿಂದ. ಉತ್ತರ ಪ್ರದೇಶದ ಬಾರಾಬಂಕಿ ಕಡೆ ಎಕರೆಗಟ್ಟಲೆ ಬೆಳೆದು ಎಣ್ಣೆ ಇಳಿಸುತ್ತಾರೆ. ಲಖನೌದ ಸಿಮ್ಯಾಪ್ ಎಂಬ ಔಷಧಿ, ಸುಗಂಧ ಸಸ್ಯಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಕೋಸಿ, ಹಿಮಾಲಯ ತಳಿಗಳು ಇದರವೇ. ಅಡುಗೆಗೆ ಇದು ಬೇಡ, ಚಟ್ನಿ ಔಷಧದಂತಾಗುತ್ತದೆ. ಆ್ಯಪಲ್ ಮಿಂಟ್, ಬಿಳಿ ಅಂಚಿನ ಪೈನಾಪಲ್ ಮಿಂಟ್ ನೋಡಲು ಚಂದ. ಪೆನಿರಾಯಲ್ ಅಂತ ಒಂದಿದೆ, ಅದರ ಎಣ್ಣೆ ಲಿವರಿಗೆ ವಿಷ. ಮನೆಗೆ ತರಲೇಬೇಡಿ.

ನಮ್ಮಲ್ಲಿ ಪೆಪ್ಪರ್‌ಮಿಂಟ್ ನೆಟ್ಟಗೆ ಏಳದೆ ನೆಲಕ್ಕೆ ಹರಡಿಕೊಳ್ಳುತ್ತದೆ. ಗೊಬ್ಬರ ಸಾಲಲಿಲ್ಲ ಅಂತ ಎಷ್ಟೋ ಜನ ಸುರಿಯುತ್ತಾರೆ. ಗೊಬ್ಬರದ್ದಲ್ಲ, ಹಗಲಿನ ಕೊರತೆ. ಚೆನ್ನಾಗಿ ಎದ್ದು ಹೂ ಬಿಡಲು ಅದಕ್ಕೆ ಉದ್ದದ ಹಗಲು ಬೇಕು. ಕಾಸರಗೋಡಿನಲ್ಲಿ ಜೂನ್ ತಿಂಗಳಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ನನ್ನ ಮಾತು ಇಷ್ಟೇ: ತಂಬುಳಿಗೆ, ಚಟ್ನಿಗೆ ಸ್ಪಿಯರ್‌ಮಿಂಟೇ ಸಾಕು. ಅದು ಬದಿಯಡ್ಕ ಪೇಟೆಯ ಸೊಪ್ಪಿನ ಕಟ್ಟಿನಲ್ಲೇ ಸಿಗುತ್ತದೆ. ದಪ್ಪ ದಂಟು ಆರಿಸಿ, ಕೆಳಗಿನ ಎಲೆ ಕಿತ್ತು, ಲೋಟದ ನೀರಿನಲ್ಲಿ ನಿಲ್ಲಿಸಿ. ಗಿಣ್ಣಿನಿಂದ ಬಿಳಿ ಬೇರು ಬರುತ್ತದೆ.

ಕುಂಡ ಆಳಕ್ಕಿಂತ ಅಗಲ ಇರಲಿ, ಬಳ್ಳಿ ಮೇಲ್ಮಣ್ಣಿನಲ್ಲೇ ಓಡುತ್ತದೆ. ಮುರಕಲ್ಲಿನ ಪುಡಿ, ಮರಳು, ಹಟ್ಟಿಗೊಬ್ಬರ ಸೇರಿಸಿದರೆ ನೀರು ಇಳಿದು ಹೋಗುತ್ತದೆ. ಎಲೆಯಡಿ ಕಿತ್ತಳೆ ಬಣ್ಣದ ಚುಕ್ಕೆ ಕಂಡರೆ ತುಕ್ಕು ರೋಗ, ಆ ದಂಟನ್ನು ಬುಡದಿಂದಲೇ ಕತ್ತರಿಸಿ. ಎರಡು ಜಾತಿಯನ್ನು ಒಂದೇ ಕುಂಡಕ್ಕೆ ಹಾಕಬೇಡಿ, ಜೋರಿನದ್ದು ಇನ್ನೊಂದನ್ನು ಮುಚ್ಚಿಬಿಡುತ್ತದೆ.

ಅಕ್ಕ ಎರಡು ಕಡ್ಡಿ ತೆಗೆದುಕೊಂಡು ಹೋದರು. ಆ ಬೀಜವನ್ನೂ ಬಿತ್ತುತ್ತಾರಂತೆ. ಏನು ಹುಟ್ಟುತ್ತದೆ ಅಂತ ನನಗೂ ನೋಡಬೇಕು.