ಆರ್ಕ್ಟಿಕ್‌ನಲ್ಲಿ ಎಣ್ಣೆ ತೆಗೆದರೆ ಕಾರವಾರದವರಿಗೇನು?

ಹವಾಮಾನದ ಮಾತು ಎತ್ತಿದರೆ ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ಬೋಟಿಗೆ ಡೀಸೆಲ್ ಬೇಕು, ಸಿರ್ಸಿ ಘಟ್ಟ ಹತ್ತಲು ಪೆಟ್ರೋಲ್ ಬೇಕು. ಹಾಗಿದ್ದೂ ಉತ್ತರ ಧ್ರುವದ ಕಡೆ ಹೊಸ ಬಾವಿ ಬೇಡ ಅಂದರೆ ಹೇಗೆ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಂದು ಬಂಕಿನಲ್ಲಿ ಸಿಗುವ ಎಣ್ಣೆ ಬೇರೆ, ಇನ್ನೂ ಕೊರೆಯದ ಬಾವಿಯ ಎಣ್ಣೆ ಬೇರೆ. ನಾರ್ವೆಯವರು ಬ್ಯಾರೆಂಟ್ಸ್ ಸಮುದ್ರದಲ್ಲಿ ಯೋಹಾನ್ ಕಾಸ್ಟ್‌ಬರ್ಗ್ ನಿಕ್ಷೇಪ ಕಂಡದ್ದು 2011ರಲ್ಲಿ, ಅಲ್ಲಿ ಉತ್ಪಾದನೆ ಶುರುವಾದದ್ದು 2025ರಲ್ಲಿ. ಅಲಾಸ್ಕಾದ ವಿಲೋ ಯೋಜನೆಗೆ ಅಮೆರಿಕ ಸರ್ಕಾರ 2023ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ 30 ವರ್ಷಗಳಲ್ಲಿ ತೆಗೆಯಬೇಕೆಂದಿರುವುದು ಸುಮಾರು 60 ಕೋಟಿ ಬ್ಯಾರೆಲ್. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಸುಟ್ಟರೆ ಸುಮಾರು 430 ಕಿಲೋ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ 25 ಕೋಟಿ ಟನ್ ದಾಟುತ್ತದೆ. ಅಷ್ಟು ಬಂಡವಾಳ ಸುರಿದ ಮೇಲೆ, ಮುಂದೆ ಬೇಡಿಕೆ ಕುಸಿದರೂ ಯಾರೂ ಪಂಪು ನಿಲ್ಲಿಸುವುದಿಲ್ಲ. ದಿನದ ಖರ್ಚು ಹುಟ್ಟಿದರೆ ಸಾಕು, ತೆಗೆಯುತ್ತಲೇ ಇರುತ್ತಾರೆ. ಹಾಗಾಗಿ ತಡೆಯುವುದಿದ್ದರೆ ಕೊರೆಯುವ ಮೊದಲೇ ತಡೆಯಬೇಕು.

ಇನ್ನು ಸೋರಿಕೆ. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯಾ ಹಡಗು ಕಾರವಾರದ ಹೊರಗಿನ ಬಂಡೆಗೆ ಸಿಕ್ಕಿ ಎಣ್ಣೆ ಚೆಲ್ಲಿದ್ದು ಇಲ್ಲಿ ಹಲವರಿಗೆ ನೆನಪಿದೆ. ಆಗ ಅಡ್ಡಿಯಾದದ್ದು ಮಳೆಗಾಲದ ಕಡಲು. ಆರ್ಕ್ಟಿಕ್‌ನಲ್ಲಿ ಅಡ್ಡಿಯಾಗುವುದು ಹಿಮ, ಕತ್ತಲೆ, ದೂರ, ಮೂರೂ. ಎಣ್ಣೆ ಹರಡದಂತೆ ನೀರಿನ ಮೇಲೆ ತೇಲಿಬಿಡುವ ಬೂಮ್‌ಗೆ ಅಡ್ಡಲಾಗಿ ಹರಿವು 0.7 ನಾಟ್ (ಗಂಟೆಗೆ ಸುಮಾರು 1.3 ಕಿ.ಮೀ.) ಮೀರಿದರೆ ಎಣ್ಣೆ ಅಡಿಯಿಂದ ನುಸುಳುತ್ತದೆ. ಹಿಮದ ತುಂಡು ಬಡಿದರೆ ಬೂಮ್ ಹರಿದೇ ಹೋಗುತ್ತದೆ. ಎಣ್ಣೆ ಎಳೆದುಕೊಳ್ಳುವ ಸ್ಕಿಮ್ಮರ್ ಹಿಮದ ಚೂರಿನಿಂದ ಕಟ್ಟಿಕೊಳ್ಳುತ್ತದೆ. ಸುಡೋಣವೆಂದರೆ ಪದರ ಕೆಲವು ಮಿಲಿಮೀಟರಾದರೂ ದಪ್ಪ ಇರಬೇಕು, ಹೆಚ್ಚು ನೀರು ಬೆರೆತಿರಬಾರದು. ಕಡಲು ಅರ್ಧ ನೀರು, ಅರ್ಧ ಹಿಮ ಆಗಿದ್ದಾಗಲೇ ಅತಿ ಕಷ್ಟ: ಬೂಮ್ ಎಳೆಯಲಾಗದಷ್ಟು ಹಿಮ, ಆದರೆ ಎಣ್ಣೆಯನ್ನು ತಾನೇ ತಡೆದು ನಿಲ್ಲಿಸುವಷ್ಟಿಲ್ಲ. ಚಳಿಗಾಲದಲ್ಲಿ ಹಿಮದಡಿ ಸೇರಿದ ಎಣ್ಣೆಯ ಕೆಳಗೆ ಮತ್ತೆ ಹಿಮ ಬೆಳೆದು ಅದನ್ನು ಒಳಗೇ ಮುಚ್ಚಿಬಿಡುತ್ತದೆ. ಆ ಹಿಮ ಎಲ್ಲಿಗೋ ತೇಲಿ ಹೋಗಿ, ವಸಂತದಲ್ಲಿ ಕರಗುವಾಗ ಎಣ್ಣೆ ಮೇಲೆ ಬರುತ್ತದೆ.

ಬಾವಿಯೇ ಸ್ಫೋಟಿಸಿದರೆ? 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ನೀರಿನಲ್ಲಿ, ಬೇಕಾದ ಹಡಗುಗಳೆಲ್ಲ ಹತ್ತಿರವಿದ್ದೂ, ಹರಿವು ನಿಲ್ಲಿಸಲು 87 ದಿನ ಬೇಕಾಯಿತು. ಒಡೆದ ಬಾವಿಯನ್ನು ಅಡಿಯಿಂದ ಶಾಶ್ವತವಾಗಿ ಮುಚ್ಚಲು ಪಕ್ಕದಲ್ಲಿ ಪರಿಹಾರ ಬಾವಿ ಕೊರೆದು ಮುಗಿಸಿದ್ದು ಸೆಪ್ಟೆಂಬರಿನಲ್ಲಿ. ಅಲಾಸ್ಕಾದ ಚುಕ್ಚಿ ಸಮುದ್ರದಲ್ಲಿ ಕೊರೆಯಲು ಸಿಗುವುದೇ ಬೇಸಿಗೆಯ ಕೆಲವು ತಿಂಗಳು. ಸೆಪ್ಟೆಂಬರಿನಲ್ಲಿ ಅಲ್ಲಿ ಬಾವಿ ಕೈತಪ್ಪಿದರೆ ಮುಂದಿನ ಬೇಸಿಗೆಯವರೆಗೂ ಹರಿಯಬಹುದು. ಶೆಲ್ ಕಂಪನಿಯ ಕುಲ್ಲುಕ್ ರಿಗ್ (ಬಾವಿ ಕೊರೆಯುವ ತೇಲು ವೇದಿಕೆ) 2012ರ ಡಿಸೆಂಬರ್ 31ರಂದು ಎಳೆದೊಯ್ಯುವಾಗಲೇ ದಂಡೆಗೆ ಅಪ್ಪಳಿಸಿತು. 2015ರಲ್ಲಿ ಕಂಪನಿ ಚುಕ್ಚಿ ಕಡಲಿನಿಂದಲೇ ಹಿಂದೆ ಸರಿಯಿತು.

"ಅವರು ತೆಗೆಯದಿದ್ದರೆ ಇನ್ನೊಬ್ಬರು ತೆಗೆಯುತ್ತಾರೆ" ಎಂಬ ವಾದ ಅರ್ಧ ನಿಜ. ಅಲಾಸ್ಕಾದ ಲಿಬರ್ಟಿ ಯೋಜನೆಯ ಪರಿಸರ ವರದಿ ಇನ್ನೂ ಮುಂದೆ ಹೋಗಿ, ಕೊರೆಯದಿದ್ದರೇ ಹೊಗೆ ಹೆಚ್ಚು ಎಂದಿತ್ತು! ಹೊಸ ಎಣ್ಣೆ ಬಂದು ಬೆಲೆ ಇಳಿದರೆ ಹೊರದೇಶಗಳಲ್ಲಿ ಬಳಕೆ ಹೆಚ್ಚುತ್ತದೆ. ಅದನ್ನು ವರದಿ ಲೆಕ್ಕಕ್ಕೇ ಹಿಡಿದಿರಲಿಲ್ಲ. 2020ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ಅನುಮತಿಯನ್ನು ರದ್ದು ಮಾಡಿತು.

ನಮ್ಮ ದಂಡೆಗೆ ಇದರ ನಂಟು ಏನು? ಎಣ್ಣೆ ಸುಟ್ಟ ಹೊಗೆ ಭೂಮಿಯನ್ನು ಬಿಸಿ ಮಾಡುತ್ತದೆ, ಹಿಮ ಕರಗುತ್ತದೆ. ತೇಲುವ ಹಿಮ ಕರಗಿದರೆ ಕಡಲ ಮಟ್ಟ ಅಷ್ಟಾಗಿ ಏರುವುದಿಲ್ಲ. ಗ್ರೀನ್‌ಲ್ಯಾಂಡ್‌ನ ನೆಲದ ಮೇಲಿನ ಹಿಮ ಕರಗಿದರೆ ಏರುತ್ತದೆ. ಅಷ್ಟು ದೊಡ್ಡ ಹಿಮರಾಶಿ ತನ್ನ ಸೆಳೆತದಿಂದ ಸುತ್ತಲಿನ ನೀರನ್ನು ಹತ್ತಿರ ಹಿಡಿದಿರುತ್ತದೆ. ಅದು ಕರಗಿದಂತೆ ಸೆಳೆತ ಸಡಿಲಗೊಂಡು ಗ್ರೀನ್‌ಲ್ಯಾಂಡ್‌ನ ಬುಡದಲ್ಲಿ ನೀರು ಇಳಿದು, ನಮ್ಮಂಥ ದೂರದ ಉಷ್ಣವಲಯದಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ಅಘನಾಶಿನಿಯ ಗಜನಿಯಲ್ಲಿ (ಉಬ್ಬರದ ಉಪ್ಪುನೀರು ಸೇರುವ ಗದ್ದೆಯಲ್ಲಿ) ಕಗ್ಗ ಭತ್ತ ಉಪ್ಪು ತಾಳುತ್ತದೆ ನಿಜ, ಆದರೆ ಒಡ್ಡು ಒಡೆದು ಉಬ್ಬರದ ನೀರು ದಿನವೂ ನುಗ್ಗಿದರೆ ಕಗ್ಗವೂ ಉಳಿಯದು.

ಅಲಾಸ್ಕಾದವರಿಗೆ ನಮ್ಮ ಮಾತು ಕೇಳಲಿಕ್ಕಿಲ್ಲ. ದೆಹಲಿಗೆ ಕೇಳಬೇಕು. ಸೈಬೀರಿಯಾದಲ್ಲಿ ಆರ್ಕ್ಟಿಕ್ ವೃತ್ತದಿಂದಾಚೆಗಿನ ವಾಂಕೋರ್ ನಿಕ್ಷೇಪದಲ್ಲಿ ನಮ್ಮ ಸರ್ಕಾರಿ ಕಂಪನಿ ಒಎನ್‌ಜಿಸಿ ವಿದೇಶ್ 26% ಪಾಲು ಕೊಂಡಿದೆ, ಅಂದರೆ ಅದು ಸಾರ್ವಜನಿಕರ ಹಣ. 2022ರ ಭಾರತದ ಆರ್ಕ್ಟಿಕ್ ನೀತಿಯಲ್ಲೂ ಅಲ್ಲಿನ ನೈಸರ್ಗಿಕ ಸಂಪನ್ಮೂಲದ ಆಸೆ ಇದೆ. ಅಲ್ಲಿ ಇನ್ನು ಹೊಸ ಪಾಲು ಕೊಳ್ಳಬೇಡಿ ಎಂದು ಸಂಸದರಿಗೆ ಬರೆಯಬಹುದು. ಅದಕ್ಕಾಗಿ ಯಾರೂ ಬೋಟು ನಿಲ್ಲಿಸಬೇಕಾಗಿಲ್ಲ.